ಬಿಲ್ಲು-ಬಾಣ ಮಾಡುವವರು, ಸುಧಾರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡಿನಲ್ಲಿ ಬಿಲ್ಲು-ಬಾಣ ಮಾಡುತ್ತೇನೆ, ರಿಪೇರಿಯನ್ನೂ ಮಾಡಿಕೊಡುತ್ತೇನೆ. ಎಂಜಿನಿಯರಿಂಗ್ ಹುಡುಗರು, ಶಾಲೆಯ ಪಿಟಿ ಮಾಸ್ತರರು, ಬಡಿಗೇರರು, ಲೇಥ್ ನಡೆಸುವವರು ಎಲ್ಲರೂ ಒಂದಲ್ಲ ಒಂದು ಐಡಿಯಾ ಹೊತ್ತು ಬರುತ್ತಾರೆ. ಹಾವೇರಿ, ಗದಗ ಕಡೆಯಿಂದ ಪತ್ರ ಬರೆದು ಕೇಳುವವರೂ ಇದ್ದಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಎಲ್ಲರೂ ಕೇಳುವುದು ಬಿಲ್ಲಿನ ಬಗ್ಗೆ. ನನ್ನ ಉತ್ತರಗಳು ಮಾತ್ರ ಬಾಣದ ಕಡೆಗೇ ಎಳೆಯುತ್ತವೆ. ಯಾಕೆ ಅಂತ ಓದುತ್ತಾ ಗೊತ್ತಾಗುತ್ತದೆ.

## ಶುರು ಮಾಡುವವರಿಗೆ

ಏನಾದ್ರೂ ಹೊಸಾದು ಕಂಡುಹಿಡೀಬೇಕು ಅಂತ ಆಸೆ ಐತ್ರಿ. ಎಲ್ಲಿಂದ ಶುರು ಮಾಡ್ಲಿ?

ಇಡೀ ಬಿಲ್ಲನ್ನೇ ಹೊಸದಾಗಿ ಮಾಡಲು ಹೋಗಬೇಡಿ. ಒಂದು ತುಣುಕು ಹಿಡಿಯಿರಿ. ಇವತ್ತು ಒಲಿಂಪಿಕ್ ಬಿಲ್ಲಿನ ಮುಂದೆ ಉದ್ದಕ್ಕೆ ಚಾಚಿರುವ ಕೋಲು ನೋಡಿದ್ದೀರಲ್ಲ, ಬಿಲ್ಲು ಅಲುಗದಂತೆ ತಡೆಯುವ ಆ ಸ್ಟೆಬಿಲೈಜರನ್ನು ಅಮೆರಿಕದ ಅರ್ಲ್ ಹಾಯ್ಟ್ 1960ರ ದಶಕದ ಆರಂಭದಲ್ಲಿ ಬಳಕೆಗೆ ತಂದರು. ಬಾಣ ಒರಗುವ ಜಾಗದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಗುಂಡಿ ಇರುತ್ತದೆ. ಅದಕ್ಕೆ ಬರ್ಗರ್ ಬಟನ್ ಅಂತಲೇ ಹೆಸರು, ಅದನ್ನು ತಂದ ಬಿಲ್ಲುಗಾರನ ಹೆಸರು. ಇವೆರಡೂ ಬಿಲ್ಲಿಗೆ ತಿರುಗಿಸಿ ಕೂರಿಸುವ ಸಣ್ಣ ಸಾಮಾನುಗಳು. ಇವತ್ತಿಗೂ ಇವಿಲ್ಲದ ಒಲಿಂಪಿಕ್ ಬಿಲ್ಲು ಕಾಣುವುದು ಕಷ್ಟ.

ನೀವು ಹೊಡೆಯುವಾಗ ಯಾವುದು ಕಿರಿಕಿರಿ ಮಾಡುತ್ತದೆ ಅಂತ ಬರೆದಿಡಿ. ಬೆರಳು ನೋಯುತ್ತದೆಯೇ, ಬಾಣ ಒರಗಿನಿಂದ ಜಾರುತ್ತದೆಯೇ, ಹೆದೆ ಮೊಣಕೈಗೆ ಬಡಿಯುತ್ತದೆಯೇ. ಕೆಲಸ ಅಲ್ಲೇ ಇದೆ.

ಮನ್ಯಾಗ ಬಿದಿರಿನ ಬಿಲ್ಲು ಮಾಡ್ಲಿಕ್ಕೆ ಬರ್ತದೇನ್ರಿ?

ಬರುತ್ತದೆ. ನಮ್ಮ ಭಾಗಕ್ಕೆ ಇದೇ ಒಳ್ಳೆಯ ಶುರು. ದೊಡ್ಡ ಪೊಳ್ಳು ಬಿದಿರಿಗಿಂತ ಕಲಘಟಗಿ, ಹಳಿಯಾಳ ಕಡೆಯ ಗಟ್ಟಿ ಬಿದಿರು ಉತ್ತಮ. ಅದರ ಗೋಡೆ ದಪ್ಪ, ಕೆಲವು ಕಡೆ ಒಳಗೆ ಪೊಳ್ಳೇ ಇರುವುದಿಲ್ಲ. ಕಾಡಿಗೆ ಹೋಗಿ ಕಡಿಯಬೇಡಿ. ಮೇದಾರ ಓಣಿಯಲ್ಲಿ ಕೇಳಿ, ಏಣಿಗೆ ಅಂತ ತರಿಸಿದ ರಾಶಿಯಲ್ಲೇ ಆರಿಸಿ ಕೊಡುತ್ತಾರೆ. ಮೂರು ವರ್ಷ ದಾಟಿದ ಬಿದಿರು ಇರಲಿ. ಎಳೆಯದು ಒಣಗುವಾಗ ಸುಕ್ಕುಗಟ್ಟುತ್ತದೆ, ಹುಳವೂ ಬೇಗ ಹಿಡಿಯುತ್ತದೆ.

ಬಿದಿರಿನ ನಾರು ಹೊರಸಿಪ್ಪೆಯ ಹತ್ತಿರ ಒತ್ತಾಗಿರುತ್ತದೆ, ಒಳಗೆ ಹೋದಂತೆ ವಿರಳವಾಗುತ್ತದೆ. ಬಿಲ್ಲು ಬಾಗಿದಾಗ ಗುರಿಯ ಕಡೆಯ ಮೈ ಹಿಗ್ಗುತ್ತದೆ, ನಿಮ್ಮ ಕಡೆಯ ಮೈ ಒತ್ತಿಕೊಳ್ಳುತ್ತದೆ. ಹಿಗ್ಗುವ ಕಡೆಗೆ ಗಟ್ಟಿ ನಾರು ಬೇಕು. ಆದ್ದರಿಂದ ಹೊರಸಿಪ್ಪೆ ಗುರಿಯ ಕಡೆ ಇರಬೇಕು, ಅದಕ್ಕೆ ಉಳಿ ತಾಗಿಸಬಾರದು. ಕೆತ್ತುವುದೆಲ್ಲ ಒಳಮೈಯಿಂದಲೇ.

ಕೆತ್ತುವಾಗ ಕಣ್ಣಂದಾಜು ಸಾಲದು. ಗೋಡೆಗೆ ಗಟ್ಟಿ ಗೂಟ ಹೊಡೆದು ಬಿಲ್ಲಿನ ಹಿಡಿಯನ್ನು ಅದರ ಮೇಲೆ ಕೂರಿಸಿ. ಹೆದೆಗೆ ಹಗ್ಗ ಕಟ್ಟಿ, ನೆಲದ ಹತ್ತಿರದ ರಾಟೆಯಲ್ಲಿ ಹಾಯಿಸಿ, ದೂರ ನಿಂತು ನಿಧಾನ ಎಳೆಯಿರಿ. ಹಿಂದಿನ ಗೋಡೆಗೆ ಸೀಮೆಸುಣ್ಣದ ಅಡ್ಡಗೆರೆ ಎಳೆದಿದ್ದರೆ ಬಿಲ್ಲಿನ ಎರಡು ತೋಳು, ಅಂದರೆ ಹಿಡಿಯ ಆಚೀಚೆಯ ಬಾಗುವ ಭಾಗಗಳು, ಸಮ ಬಾಗುತ್ತಿವೆಯೋ ಇಲ್ಲವೋ ಥಟ್ಟನೆ ಕಾಣುತ್ತದೆ. ಬಾಗದೆ ಬಿಗಿದುಕೊಂಡಿರುವ ಕಡೆ ಕೆತ್ತಿ. ಜಾಸ್ತಿ ಬಾಗುವ ಕಡೆ ಕೈ ಹಚ್ಚಲೇಬೇಡಿ, ಮುರಿಯುವುದು ಅಲ್ಲೇ. ಕೆತ್ತಿದಾಗೆಲ್ಲ ಹಗ್ಗದಿಂದ ಹಲವು ಸಲ ನಿಧಾನ ಎಳೆದು, ನಿಧಾನ ಸಡಿಲಿಸಿ, ಆಮೇಲೆ ನೋಡಿ. ಬಿದಿರು ಹೊಸ ಆಕಾರಕ್ಕೆ ಹೊಂದಿಕೊಳ್ಳಲು ಅಷ್ಟು ಬೇಕು.

ಧಾರವಾಡದ ಜುಲೈನಲ್ಲಿ ಬಿಲ್ಲು ಮೆತ್ತಗಾಯಿತು ಅಂತ ದೂರುವವರು ತುಂಬಾ. ಬಿದಿರು ಗಾಳಿಯ ತೇವ ಹೀರುತ್ತದೆ. ಮಾಡಿ ಮುಗಿದ ಮೇಲೆ ವಾರ್ನಿಶ್ ಎರಡು ಮೂರು ಕೋಟ್ ಬಳಿಯಿರಿ, ಬಳಸದಾಗ ಹೆದೆ ಇಳಿಸಿಡಿ.

ನಮ್ಮ ತೋಟದಾಗ ಅಡಿಕೆ ದಬ್ಬೆ ಬೇಕಾದಷ್ಟು ಐತಿ, ಅದರಾಗ ಆಗ್ತದೇನು?

ಹಾನಗಲ್ ಕಡೆಯವರ ಪ್ರಶ್ನೆ ಇದು. ಆಗುತ್ತದೆ, ಆದರೆ ಹಳೆಯ ಮರದ ಹೊರಗಿನ ಗಟ್ಟಿ ಪದರದಿಂದ ಮಾತ್ರ. ಅಡಿಕೆ ಮರದ ಗಟ್ಟಿತನವೆಲ್ಲ ಅಂಚಿನಲ್ಲಿದೆ, ತಿರುಳು ಮೆತ್ತಗೆ. ಬಿದಿರಿನ ಹಾಗೆಯೇ ಹೊರಮೈ ಗುರಿಯ ಕಡೆ ಇಡಿ. ಮೊದಲ ಬಿಲ್ಲು ಉದ್ದಕ್ಕೇ ಇರಲಿ. ಆಳೆತ್ತರಕ್ಕಿಂತ ಗಿಡ್ಡ ಮಾಡಿದರೆ ದಬ್ಬೆ ತಾಳುವುದಿಲ್ಲ.

ಪಿವಿಸಿ ಪೈಪ್ ಕಾಯಿಸಿ ಚಪ್ಪಟೆ ಮಾಡಿದ್ರ ಬಿಲ್ಲು ಆಗ್ತದಂತಲ್ಲ?

ಆಗುತ್ತದೆ, ಆದರೆ ನಾನು ಬೇಡ ಅನ್ನುತ್ತೇನೆ. ಪಿವಿಸಿ ಬಾಗಿಸಿಟ್ಟರೆ ಹಾಗೇ ಬಾಗಿ ನಿಲ್ಲುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದು ಇನ್ನೂ ಬೇಗ ಆಗುತ್ತದೆ. ಬಿಸಿಲಿಗೆ ಹಳತಾದ ಪೈಪ್ ಗರಿಗರಿಯಾಗಿ, ಎಳೆದಾಗ ಚೂರು ಚೂರಾಗಿ ಒಡೆಯುತ್ತದೆ. ಚೂರು ಸಿಡಿಯುವುದು ಮುಖದ ಹತ್ತಿರ. ಮಕ್ಕಳ ಕೈಗಂತೂ ಕೊಡಲೇಬೇಡಿ.

ಲಾರಿಯ ಕಮಾನು ಪಟ್ಟಿ ಸ್ಪ್ರಿಂಗ್ ಸ್ಟೀಲ್ ಅಲ್ವಾ? ಅದು ಎಲ್ಲಕ್ಕಿಂತ ಗಟ್ಟಿ.

ಗಟ್ಟಿ ಹೌದು. ಆದರೆ ಬಿಲ್ಲಿಗೆ ಬೇಕಾದದ್ದು ಬೇರೆ ಗುಣ: ಕಡಿಮೆ ತೂಕದಲ್ಲಿ ಜಾಸ್ತಿ ಶಕ್ತಿ ಹಿಡಿದಿಟ್ಟು, ಬಿಟ್ಟ ತಕ್ಷಣ ಬಾಣಕ್ಕೆ ದಾಟಿಸಬೇಕು. ಉಕ್ಕಿನ ತೋಳು ಭಾರ. ಶಕ್ತಿಯ ದೊಡ್ಡ ಪಾಲು ತನ್ನ ತೋಳನ್ನೇ ಓಡಿಸಲು ಖರ್ಚಾಗುತ್ತದೆ. ಅಷ್ಟೇ ತೂಕದ ಫೈಬರ್‌ಗ್ಲಾಸ್ ಉಕ್ಕಿಗಿಂತ ಹಲವು ಪಟ್ಟು ಶಕ್ತಿ ಹಿಡಿಯುತ್ತದೆ. ಮೊಗಲರ ಕಾಲದ ಉಕ್ಕಿನ ಬಿಲ್ಲುಗಳು ಮ್ಯೂಸಿಯಂಗಳಲ್ಲಿ ಇವೆ. ವರ್ಷಗಟ್ಟಲೆ ಕೋಟೆಯ ಉಗ್ರಾಣದಲ್ಲಿ ಇಟ್ಟರೂ ಹುಳ ಹಿಡಿಯುವುದಿಲ್ಲ, ಅದು ಅವುಗಳ ಲಾಭ. ಗ್ರೈಂಡರ್ ಹಿಡಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇದ್ದರೆ ಒಮ್ಮೆಲೇ ತುಂಡಾಗುತ್ತದೆ. ಗುಜರಿಯಿಂದ ತರುವ ಪಟ್ಟಿ ಎಷ್ಟು ಲಕ್ಷ ಗುಂಡಿ ಹಾರಿದೆಯೋ ಯಾರಿಗೆ ಗೊತ್ತು?

ಟೆಸ್ಟ್ ಮಾಡ್ಲಿಕ್ಕೆ ಗುರಿ ಏನಿಂದ ಮಾಡ್ಲಿ? ಓಣ್ಯಾಗ ಹೊಡೀಬಹುದಾ?

ಓಣಿಯಲ್ಲಿ ಬೇಡವೇ ಬೇಡ. 40 ಪೌಂಡಿನ, ಅಂದರೆ ಪೂರ್ತಿ ಎಳೆಯಲು 40 ಪೌಂಡ್ ಬಲ ಬೇಕಾದ, ಬಿಲ್ಲಿನ ಬಾಣ 150 ಮೀಟರ್ ಆರಾಮಾಗಿ ದಾಟುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬವೋ ಗಟ್ಟಿ ಗೋಡೆಯೋ ಇರಬೇಕು. ಗುರಿಗೆ ಗೋಣಿಚೀಲದಲ್ಲಿ ಹಳೆ ಬಟ್ಟೆ, ಹತ್ತಿ ಮಿಲ್ಲಿನ ವೇಸ್ಟ್, ಪ್ಲಾಸ್ಟಿಕ್ ಹಾಳೆ ಗಿಡಿದು ತುಂಬಿ. ಭತ್ತದ ಹುಲ್ಲನ್ನು ಬಿಗಿಯಾಗಿ ಕಟ್ಟಿದರೂ ಚೆನ್ನ. ಜೋಳದ ಕಣಿಕೆ ಬೇಡ, ಗೆಣ್ಣಿಗೆ ಬಡಿದು ಬಾಣ ಬಾಗುತ್ತದೆ.

ಬಾಣವಿಲ್ಲದೆ ಹೆದೆ ಎಳೆದು ಬಿಡುವುದು ಮಾತ್ರ ಬಿಲ್ಲಿಗೆ ಕೊಡುವ ದೊಡ್ಡ ಏಟು. ಬಾಣ ಒಯ್ಯಬೇಕಾದ ಶಕ್ತಿಯೆಲ್ಲ ತೋಳಿಗೇ ತಿರುಗಿ ಬಡಿಯುತ್ತದೆ. ಅಂಗಡಿಗೆ ಬಂದವರೆಲ್ಲ ಮೊದಲು ಮಾಡುವುದು ಅದನ್ನೇ!

ಹಂದಿ ಹೊಡೀಬಹುದಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಪರಾಧ. ಬೇಟೆಯ ಮೊನೆ ಮಾಡಿಕೊಡಿ ಅಂತ ನನ್ನನ್ನು ಕೇಳಬೇಡಿ.

## ಹೆದೆ ಮತ್ತು ಬಾಣ

ಹೆದೆಗೆ ನೈಲಾನ್ ಹಗ್ಗ ಸಾಕಲ್ವಾ?

ನೈಲಾನ್ ಹಿಗ್ಗುತ್ತದೆ. ಹೆದೆ ಹಿಗ್ಗಿದಷ್ಟೂ ಬಾಣದ ವೇಗ ಇಳಿಯುತ್ತದೆ, ಬಾಣ ದಿನಕ್ಕೊಂದು ಕಡೆ ಹೋಗುತ್ತದೆ. ಬಿದಿರು, ಮರದ ಬಿಲ್ಲಿಗೆ ಡಕ್ರಾನ್ ಅನ್ನುವ ಪಾಲಿಯೆಸ್ಟರ್ ದಾರ ಒಳ್ಳೆಯದು. ಒಂದು ಎಳೆ ಸುಮಾರು 22 ಕೆಜಿ ತಾಳುತ್ತದೆ, 40 ಪೌಂಡಿನ ಬಿಲ್ಲಿಗೆ 12 ಎಳೆ ಹಾಕುವುದು ರೂಢಿ. ಅಷ್ಟು ಯಾಕೆ ಅಂತ ಕೇಳುತ್ತಾರೆ. ಬಾಣ ಬಿಟ್ಟ ಕ್ಷಣದಲ್ಲಿ ಹೆದೆಯ ಮೇಲೆ ಬೀಳುವ ಜಗ್ಗು ನೀವು ಎಳೆದದ್ದಕ್ಕಿಂತ ಎಷ್ಟೋ ಜಾಸ್ತಿ. ಡೈನೀಮಾ ಜಾತಿಯ ದಾರ ಹಿಗ್ಗುವುದು ತೀರಾ ಕಡಿಮೆ, ಬಾಣ ವೇಗವಾಗಿ ಹೋಗುತ್ತದೆ. ಆದರೆ ಆ ಏಟು ಬಿಲ್ಲಿನ ತುದಿಗೆ ಬೀಳುತ್ತದೆ, ಬಲಪಡಿಸದ ಮರದ ತುದಿ ಸೀಳುತ್ತದೆ.

ಹೆದೆ ಹೊಸೆಯುವಾಗ ಎಲ್ಲ ಎಳೆಗಳ ಬಿಗಿ ಒಂದೇ ಇರಬೇಕು. ಸಡಿಲ ಎಳೆ ಸುಮ್ನೆ ಜೊತೆಗಿರುತ್ತದೆ, ಭಾರವೆಲ್ಲ ಉಳಿದವುಗಳ ಮೇಲೆ ಬೀಳುತ್ತದೆ. ಬೆಟಗೇರಿಯ ನೇಕಾರರೊಬ್ಬರು ಹಾಸುನೂಲು ನೋಡುವ ಹಾಗೆ ನನ್ನ ಹೆದೆಯ ಮೇಲೆ ಬೆರಳಾಡಿಸಿ, ಕಣ್ಣು ಹಾಯಿಸದೆ ಸಡಿಲ ಎಳೆ ತೋರಿಸಿದರು. ಆ ಬೆರಳು ನಮಗಿಲ್ಲದ್ದರಿಂದ ಹಲಗೆಗೆ ಎರಡು ಮೊಳೆ ಹೊಡೆದು ಸುತ್ತಬೇಕು, ಪ್ರತಿ ಸುತ್ತನ್ನೂ ಒಂದೇ ಬಿಗಿಯಲ್ಲಿ.

ಬಿಲ್ಲು ಛಲೋ ಐತಿ, ಕೈ ನೆಟ್ಟಗೈತಿ, ಆದ್ರೂ ಬಾಣ ಬಳುಕಿಕೊಂತ ಅಡ್ಡ ಹೋಗ್ತದ. ಬಿಲ್ಲಿನ ದೋಷ ಏನ್ರಿ?

ಬಹುತೇಕ ಬಾಣದ್ದು. ಬಿಟ್ಟ ಕ್ಷಣದಲ್ಲಿ ಬಾಣ ನೆಟ್ಟಗೆ ಇರುವುದಿಲ್ಲ. ಹಿಂದಿನಿಂದ ಹೆದೆ ತಳ್ಳುತ್ತದೆ, ಮುಂದೆ ಮೊನೆಯ ಭಾರ ತಡೆಯುತ್ತದೆ, ನಡುವೆ ಕೋಲು ಬಾಗುತ್ತದೆ. ಹಾಗೆ ಬಾಗಿ, ಬಿಲ್ಲಿನ ಹಿಡಿಯನ್ನು ಸುತ್ತಿಕೊಂಡು, ನೀರಿನಲ್ಲಿ ಮೀನು ಬಳುಕಿದಂತೆ ಬಳುಕುತ್ತಾ ಹೊರಬೀಳುತ್ತದೆ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿ ವೇಗದ ಕ್ಯಾಮೆರಾದಲ್ಲಿ ಇದನ್ನು ಹಿಡಿದು ತೋರಿಸಿದರು. ಬಾಗುವುದು ತಪ್ಪಲ್ಲ, ಬಿಲ್ಲಿನ ಬಲಕ್ಕೆ ತಕ್ಕಷ್ಟು ಬಾಗಬೇಕು. ಈ ಬಾಗುವ ಗುಣಕ್ಕೆ ಸ್ಪೈನ್ ಅನ್ನುತ್ತಾರೆ.

ಅಳೆಯುವ ಸಾಧನ ಒಂದು ಮಧ್ಯಾಹ್ನದ ಕೆಲಸ. ಹಲಗೆಯ ಮೇಲೆ 28 ಇಂಚು ಅಂತರದಲ್ಲಿ ಎರಡು ಸಣ್ಣ ಬೇರಿಂಗ್ ಕೂರಿಸಿ. ಅವುಗಳ ಮೇಲೆ ಬಾಣದ ಕೋಲು ಇಡಿ. ನಡುವೆ 880 ಗ್ರಾಂ ತೂಕ ತೂಗುಹಾಕಿ. ತೂಕಕ್ಕೆ ಕಬ್ಬಿಣದ ತುಂಡು ಸಾಕು, ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಸರಿಮಾಡಿಕೊಳ್ಳಿ. ಲೇಥಿನವರ ಡಯಲ್ ಗೇಜ್ ಕೆಳಗಿಟ್ಟು ಎಷ್ಟು ಬಾಗಿತು ನೋಡಿ. ಅರ್ಧ ಇಂಚು, ಅಂದರೆ 12.7 ಮಿಮೀ ಬಾಗಿದರೆ ಸ್ಪೈನ್ 500. ಅಂಕಿ ಸಣ್ಣದಾದಷ್ಟೂ ಬಾಣ ಬಿಗಿ. 28 ಇಂಚು ಎಳೆಯುವವರ 40 ಪೌಂಡಿನ ರಿಕರ್ವ್ (ತುದಿ ಮುಂದಕ್ಕೆ ಬಾಗಿದ) ಬಿಲ್ಲಿಗೆ 500ರಿಂದ 600ರ ನಡುವಿನದು ಸಾಮಾನ್ಯವಾಗಿ ಹೊಂದುತ್ತದೆ.

ಬಿದಿರು, ಮರದ ಕೋಲನ್ನು ತಿರುಗಿಸಿ ತಿರುಗಿಸಿ ಅಳೆಯಿರಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇರುತ್ತದೆ. ಬಿಗಿ ಮೈ ಬಿಲ್ಲಿನ ಕಡೆ ಬರುವಂತೆ ಹೆದೆ ಸಿಗಿಸುವ ಹಿಂದಿನ ಕಚ್ಚು ಕೊರೆಯಿರಿ. ಒಂದೇ ಅಳತೆಯವನ್ನು ಒಂದು ಕಟ್ಟು ಮಾಡಿ. ಇಷ್ಟೇ ಮಾಡಿ ಬಿಲ್ಲಿಗೆ ಕೈಹಚ್ಚದೆ ಗುಂಪು, ಅಂದರೆ ಗುರಿಯ ಮೇಲೆ ಬಾಣಗಳು ಚದುರುವ ಹರವು, ಅರ್ಧಕ್ಕೆ ಇಳಿಸಿಕೊಂಡವರು ಇದ್ದಾರೆ.

ಕೊನೆಯ ಪರೀಕ್ಷೆ: ಗರಿ ಹಚ್ಚಿದ ಬಾಣಗಳ ಜೊತೆ ಗರಿಯಿಲ್ಲದ ಒಂದನ್ನು 18 ಮೀಟರಿನಿಂದ ಹೊಡೆಯಿರಿ. ಬಲಗೈಯವರಿಗೆ ಗರಿಯಿಲ್ಲದ್ದು ಗುಂಪಿನ ಎಡಕ್ಕೆ ಬಿದ್ದರೆ ಕೋಲು ಜಾಸ್ತಿ ಬಿಗಿ, ಬಲಕ್ಕೆ ಬಿದ್ದರೆ ಜಾಸ್ತಿ ಸಡಿಲ. ಬಿಗಿಯಾದದ್ದಕ್ಕೆ ಭಾರದ ಮೊನೆ ಹಾಕಿದರೆ ಸಡಿಲವಾಗುತ್ತದೆ. ಸಡಿಲವಾದದ್ದನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿದರೆ ಬಿಗಿಯಾಗುತ್ತದೆ. ಎಳೆದಾಗ ಮೊನೆ ಕೈಯ ಹಿಂದೆ ಬರುವಷ್ಟು ಮಾತ್ರ ಕತ್ತರಿಸಬೇಡಿ, ಕೈಗೇ ಚುಚ್ಚುತ್ತದೆ.

ಬಾಣ ಹಗುರಾದಷ್ಟೂ ವೇಗ ಅಂತಾರ. ಎಷ್ಟು ಹಗುರ ಮಾಡಬಹುದು?

ತೀರಾ ಹಗುರ ಮಾಡಿದರೆ ಖಾಲಿ ಹೆದೆ ಬಿಟ್ಟ ಹಾಗೆ. ರಿಕರ್ವ್, ಬಿದಿರಿನ ಬಿಲ್ಲುಗಳಿಗೆ ಒಂದು ಪೌಂಡ್ ಎಳೆತಕ್ಕೆ 8 ಗ್ರೇನ್ ತೂಕಕ್ಕಿಂತ ಕೆಳಗಿಳಿಯಬೇಡಿ. 40 ಪೌಂಡಿಗೆ 320 ಗ್ರೇನ್, ಅಂದರೆ ಸುಮಾರು 21 ಗ್ರಾಂ. ಬಂಗಾರದಂಗಡಿಯ ತಕ್ಕಡಿ ಸಿಕ್ಕರೆ ಒಳ್ಳೆಯದು. ಒಂದು ಕಟ್ಟಿನ ಬಾಣಗಳೆಲ್ಲ ಒಂದೇ ತೂಕ ಇರುವುದು ಹಗುರ ಇರುವುದಕ್ಕಿಂತ ಮುಖ್ಯ.

ನವಿಲುಗರಿ ಹಚ್ಚಬಹುದಾ?

ಅಂದಕ್ಕೆ ಮಾತ್ರ. ಬಾಲದ ಉದ್ದ ಗರಿ ಮೆತ್ತಗೆ, ಬಾಣ ತಿರುಗಿಸುವುದಿಲ್ಲ. ಟರ್ಕಿ ಕೋಳಿಯ ರೆಕ್ಕೆಯ ಗರಿ ಉತ್ತಮ. ಒಂದು ಬಾಣಕ್ಕೆ ಎಲ್ಲ ಗರಿ ಒಂದೇ ರೆಕ್ಕೆಯದಾಗಿರಬೇಕು, ಎಡದ ಮತ್ತು ಬಲದ ರೆಕ್ಕೆಯ ಬಾಗು ಬೇರೆ ಬೇರೆ. ಮೂರು ಗರಿಗಳನ್ನು 120 ಡಿಗ್ರಿಗೊಂದರಂತೆ ಅಂಟಿಸಿ.

ಕಾರ್ಬನ್ ಬಾಣ ಮನ್ಯಾಗ ಕತ್ತರಿಸಬಹುದೇನು?

ಆಕ್ಸಾ ಬ್ಲೇಡ್ ಬೇಡ, ನಾರು ಸೀಳುತ್ತದೆ. ವೇಗವಾಗಿ ತಿರುಗುವ ತೆಳು ಕಟಿಂಗ್ ವೀಲ್ ಬಳಸಿ. ಮಾಸ್ಕ್ ಹಾಕಿಕೊಳ್ಳಿ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಪ್ರತಿ ಸಲ ಹೊಡೆಯುವ ಮೊದಲು ಬಾಣವನ್ನು ಮೈಯಿಂದ ದೂರ ಹಿಡಿದು ಸ್ವಲ್ಪ ಬಾಗಿಸಿ. ಚಿಟಚಿಟ ಸದ್ದು ಬಂದರೆ ಅಲ್ಲೇ ಮುರಿದು ಎಸೆಯಿರಿ. ಬಿರುಕು ಬಿಟ್ಟ ಕಾರ್ಬನ್ ಬಾಣ ಬಿಟ್ಟ ಕ್ಷಣ ಸೀಳಿ ಎಡಗೈಯೊಳಗೇ ಹೋಗುತ್ತದೆ.

## ಅಳತೆ ಮತ್ತು ವರ್ಕ್‌ಶಾಪ್

ನನ್ನ ಬಿಲ್ಲು ಸುಧಾರಿಸಿದೆ ಅಂತ ಹೇಗೆ ಹೇಳೋದು?

ಅಳೆದು ಹೇಳಬೇಕು. "ಈಗ ಭಾಳ ಜೋರು ಹೋಗ್ತದ" ಅನ್ನುವುದು ಲೆಕ್ಕಕ್ಕಿಲ್ಲ.

ಮೊದಲು ಎಳೆತ. ಸಂತೆಯಲ್ಲಿ ಸಿಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಹೆದೆಗೆ ಸಿಗಿಸಿ, ಪ್ರತಿ ಎರಡು ಇಂಚಿಗೆ ಎಷ್ಟು ಕೆಜಿ ತೋರಿಸುತ್ತದೆ ಬರೆದುಕೊಳ್ಳಿ. ಗ್ರಾಫ್ ಹಾಳೆಯ ಮೇಲೆ ಹಾಕಿದರೆ ಗೆರೆಯ ಕೆಳಗಿನ ಜಾಗವೇ ಬಿಲ್ಲು ಹಿಡಿದಿಟ್ಟ ಶಕ್ತಿ. 40 ಪೌಂಡಿನ ಬಿಲ್ಲಿನಲ್ಲಿ ಹೆದೆ 20 ಇಂಚು ಹಿಂದೆ ಬಂದರೆ ಸುಮಾರು 45 ಜೂಲ್.

ಆಮೇಲೆ ವೇಗ. ದುಬಾರಿ ಯಂತ್ರ ಬೇಡ, ಮೊಬೈಲಿನ ರೆಕಾರ್ಡರ್ ಸಾಕು. ಬಿಲ್ಲಿನ ಪಕ್ಕ ಫೋನ್ ಇಟ್ಟು 18 ಮೀಟರಿನ ಗುರಿಗೆ ಹೊಡೆಯಿರಿ. ರೆಕಾರ್ಡಿಂಗಿನಲ್ಲಿ ಹೆದೆಯ ಸದ್ದು, ಬಾಣ ನಾಟಿದ ಸದ್ದು ಎರಡೂ ಏರುಗಳಾಗಿ ಕಾಣುತ್ತವೆ. ನಡುವೆ 0.38 ಸೆಕೆಂಡ್ ಇದೆ ಅನ್ನಿ. ನಾಟಿದ ಸದ್ದು ವಾಪಸ್ ಬರಲು 18 ಮೀಟರಿಗೆ 0.053 ಸೆಕೆಂಡ್ ಬೇಕು, ಅದನ್ನು ಕಳೆಯಿರಿ. ಉಳಿದದ್ದು 0.327. 18ನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 55 ಮೀಟರ್. 21 ಗ್ರಾಂ ಬಾಣಕ್ಕೆ ಇದು ಸುಮಾರು 32 ಜೂಲ್. ಹಿಡಿದಿಟ್ಟ 45ರಲ್ಲಿ 32 ಬಾಣಕ್ಕೆ ದಾಟಿದೆ, ಅಂದರೆ ನೂರಕ್ಕೆ 70. ಉಳಿದದ್ದು ತೋಳು, ಹೆದೆ, ನಡುಕ, ಸದ್ದಿಗೆ ಹೋಯಿತು. ನಿಮ್ಮ ಸುಧಾರಣೆ ಈ 70ನ್ನು ಏರಿಸಬೇಕು, ಇಲ್ಲವೇ ಗುಂಪನ್ನು ಚಿಕ್ಕದು ಮಾಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹೆದೆ, ಮೊನೆ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಳಲು ಬರುವುದಿಲ್ಲ.

ಲೇಥಿನಲ್ಲಿ ಪಾರ್ಟ್ ಮಾಡಿಸಿದೆ, ಬಿಲ್ಲಿಗೆ ಕೂರ್ತಾ ಇಲ್ಲ. ಯಾಕೆ?

ಆಟೆ, ಅಂದರೆ ಸ್ಕ್ರೂವಿನ ಸುತ್ತು. ನಮ್ಮ ತಾರಿಹಾಳ, ಗೋಕುಲ ರಸ್ತೆಯ ಟರ್ನರ್‌ಗಳ ಕೈ ಮೆಟ್ರಿಕ್ ಆಟೆಗೆ ಒಗ್ಗಿದೆ, 8 ಮಿಮೀ ಅಂತ ಹಾಕಿಬಿಡುತ್ತಾರೆ. ಬಟನ್, ಸ್ಟೆಬಿಲೈಜರ್ ಎರಡಕ್ಕೂ 5/16 ಇಂಚು, ಇಂಚಿಗೆ 24 ಆಟೆ ಬೇಕು. ನೋಡಲು ಒಂದೇ ಥರ, ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಒತ್ತಿ ತಿರುಗಿಸಿದರೆ ಬಿಲ್ಲಿನ ಆಟೆಯೇ ಹಾಳು. ಬಾಣದ ಮೊನೆ ತಿರುಗಿಸುವುದಕ್ಕೆ 8-32 ಅನ್ನುವ ಆಟೆ. ಈ ಎರಡು ಅಳತೆಯ ಆಟೆ ಕೊರೆಯುವ ಟ್ಯಾಪ್, ಡೈ ನೀವೇ ಕೊಂಡು ಟರ್ನರ್ ಕೈಗೆ ಕೊಡಿ, ಮಾತು ಉಳಿಯುತ್ತದೆ.

ಸ್ಟೆಬಿಲೈಜರ್ ಭಾರ ಇರಬೇಕಾ, ಉದ್ದ ಇರಬೇಕಾ?

ಉದ್ದ. ಅದೇ ತೂಕವನ್ನು ಎರಡು ಪಟ್ಟು ದೂರಕ್ಕೆ ಒಯ್ದರೆ ಬಿಲ್ಲು ತಿರುಗುವುದಕ್ಕೆ ಕೊಡುವ ತಡೆ ನಾಲ್ಕು ಪಟ್ಟು. ಆದ್ದರಿಂದ ಕೋಲು ಹಗುರ, ಬಿಗಿ ಇರಲಿ, ತೂಕ ತುದಿಯಲ್ಲಿರಲಿ.

ತ್ರೀಡಿ ಪ್ರಿಂಟರ್‌ನಲ್ಲಿ ಏನೇನು ಮಾಡಬಹುದು?

ಹಿಡಿ, ಬೆರಳು ಕಾಯುವ ಟ್ಯಾಬಿನ ತಗಡು, ಗರಿ ಅಂಟಿಸುವ ಜಿಗ್. ಇವೆಲ್ಲ ಅಂಗೈ ಅಳತೆಗೆ ಮಾಡಿಕೊಳ್ಳಬಹುದು, ಅದೇ ದೊಡ್ಡ ಲಾಭ. ಭಾರ ಹೊರುವ ತೋಳು, ಅವನ್ನು ಕೂರಿಸುವ ನಡುಭಾಗ (ರೈಸರ್) ಬೇಡ. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಗೆ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ಆ ಬಿಸಿ ಸುಲಭವಾಗಿ ಬರುತ್ತದೆ. ಅದರ ಬದಲು ಪಿಇಟಿಜಿ ಪ್ಲಾಸ್ಟಿಕ್ ಹಾಕಿ.

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಸ್ಮಾರ್ಟ್ ಬಿಲ್ಲು. ಲೋಡ್‌ಸೆಲ್, ಸೆನ್ಸರ್ ಹಾಕ್ತೀವಿ. ನಡೀತದಾ?

ವಿದ್ಯಾನಗರದ ಹುಡುಗರು ವರ್ಷಕ್ಕೊಮ್ಮೆ ಇದನ್ನು ಹಿಡಿದು ಬರುತ್ತಾರೆ, ಬರಲಿ. ಲೋಡ್‌ಸೆಲ್ ಅಂದರೆ ಭಾರ ಅಳೆಯುವ ತುಣುಕು, ಅದಕ್ಕೆ ಜೋಡಿಸುವ ಎಚ್‌ಎಕ್ಸ್711 ಚಿಪ್ ಸೆಕೆಂಡಿಗೆ 10 ಇಲ್ಲವೇ 80 ಸಲ ಓದುತ್ತದೆ. ನಿಧಾನವಾಗಿ ಎಳೆಯುವಾಗ ಅಳೆಯಲು ಅದು ಸಾಕು. ಆದರೆ ಬಿಟ್ಟ ಮೇಲೆ ಹೆದೆ ಮುಂದೆ ಬರುವುದು ಸುಮಾರು 18 ಮಿಲಿಸೆಕೆಂಡಿನಲ್ಲಿ. ಅಷ್ಟರಲ್ಲಿ ಒಂದೆರಡು ಓದು ಸಿಕ್ಕರೆ ಹೆಚ್ಚು. ಅದರಿಂದ ಗ್ರಾಫ್ ಬಿಡಿಸಿದರೆ ಗೈಡ್ ನಂಬಬಹುದು, ನಾನು ನಂಬುವುದಿಲ್ಲ. ಫೋನಿನ 240 ಫ್ರೇಮಿನ ಸ್ಲೋ ಮೋಷನ್ ಇನ್ನೂ ಮೇಲು, ನಾಲ್ಕು ಫ್ರೇಮ್ ಸಿಗುತ್ತವೆ. ಸ್ಪರ್ಧೆಯಲ್ಲಿ ಬಿಲ್ಲಿಗೆ ಎಲೆಕ್ಟ್ರಾನಿಕ್ ಸಾಧನ ಹಚ್ಚುವಂತಿಲ್ಲ, ಆದ್ದರಿಂದ ಇದನ್ನು ತರಬೇತಿಯ ಸಾಧನ ಅಂತಲೇ ರೂಪಿಸಿ.

## ಮುಂದೆ ಹೋದವರಿಗೆ

ಕಾಂಪೌಂಡ್ ಬಿಲ್ಲು ಹುಬ್ಬಳ್ಳಿಯಲ್ಲೇ ಮಾಡೋಕೆ ಆಗಲ್ವಾ?

ತುದಿಗಳಲ್ಲಿ ರಾಟೆ ಇರುವ ಈ ಬಿಲ್ಲು ಶುರುವಾದದ್ದು ಗ್ಯಾರೇಜಿನಲ್ಲೇ. ಅಮೆರಿಕದ ಮಿಸೌರಿಯ ಹೊಲೆಸ್ ವಿಲ್ಬರ್ ಅಲೆನ್ ರಿಕರ್ವ್ ಬಿಲ್ಲಿನ ತುದಿಗಳನ್ನು ಕೊಯ್ದು ರಾಟೆ ಕೂರಿಸಿದರು. 1966ರಲ್ಲಿ ಅರ್ಜಿ ಹಾಕಿದರು, ಪೇಟೆಂಟ್ ಸಿಕ್ಕಿದ್ದು 1969ರ ಡಿಸೆಂಬರಿನಲ್ಲಿ. ರಾಟೆಯ ಅಚ್ಚು ನಡುವಿನಲ್ಲಿರದೆ ಪಕ್ಕಕ್ಕೆ ಇರುವುದೇ ಅದರ ಗುಟ್ಟು. ಎಳೆದಂತೆ ಮೊದಲು ಭಾರ ಏರುತ್ತದೆ, ಕೊನೆಗೆ ಥಟ್ಟನೆ ಇಳಿಯುತ್ತದೆ. 60 ಪೌಂಡಿನ ಬಿಲ್ಲಿನಲ್ಲಿ ನೂರಕ್ಕೆ 75 ಇಳಿದರೆ ಗುರಿ ಹಿಡಿದು ನಿಂತಾಗ ಬೆರಳ ಮೇಲೆ 15 ಪೌಂಡ್ ಮಾತ್ರ.

ಈ ರಾಟೆಯನ್ನು, ಅಂದರೆ ಕ್ಯಾಮನ್ನು, ಸಿಎನ್‌ಸಿ ಯಂತ್ರದಲ್ಲಿ ಕೊರೆಸಬಹುದು, ಅದಕ್ಕೆ ನಮ್ಮಲ್ಲಿ ಕೈಗಳಿವೆ. ಕಷ್ಟ ಇರುವುದು ತೋಳಿನಲ್ಲಿ. ಎಳೆಯದೆ ಇದ್ದಾಗಲೂ ಅದು ಬಾಗಿಯೇ ಇರುತ್ತದೆ. ಕೇಬಲ್ ಜಾರಿದರೆ ಮುಖಕ್ಕೆ ಬರುತ್ತದೆ. ತೋಳುಗಳನ್ನು ಒತ್ತಿ ಹಿಡಿದು ಕೇಬಲ್ ಸಡಿಲಿಸುವ ಬೋ ಪ್ರೆಸ್ ಇಲ್ಲದೆ ಬಿಚ್ಚಲೇಬಾರದು. ಶುರುವಿಗೆ ಬೋ ಪ್ರೆಸ್ಸನ್ನೇ ಮಾಡಿ ನೋಡಿ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ, ಇಲ್ಲಿ ಕೇಳುವವರು ಹೆಚ್ಚುತ್ತಾರೆ.

ನಾನು ಮಾಡಿದ್ದನ್ನ ಸ್ಪರ್ಧೆಯಲ್ಲಿ ಬಳಸಬಹುದಾ?

ಮೊದಲು ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿಯ ನಿಯಮ ಓದಿ, ಆಮೇಲೆ ಕಬ್ಬಿಣ ಕತ್ತರಿಸಿ. ಬಾಣದ ಕೋಲು 9.3 ಮಿಮೀಗಿಂತ ದಪ್ಪ ಇರಬಾರದು. ಕಾಂಪೌಂಡ್ 60 ಪೌಂಡ್ ದಾಟಬಾರದು. ಗುರಿ ಹಿಡಿಯುವ ಸೈಟ್, ಸ್ಟೆಬಿಲೈಜರ್ ಇಲ್ಲದ ಬೇರ್‌ಬೋ ಆದರೆ ಹೆದೆ ಇಳಿಸಿದ ಬಿಲ್ಲು, ತೂಕಗಳ ಸಮೇತ, 12.2 ಸೆಂಮೀ ಬಳೆಯೊಳಗೆ ತೂರಬೇಕು. ರಿಕರ್ವ್ ಸೈಟಿನಲ್ಲಿ ಲೆನ್ಸ್ ಹಾಕುವಂತಿಲ್ಲ.

ಕೈ ಇಲ್ಲದವರಿಗೆ, ಒಂದೇ ಕೈ ಇರುವವರಿಗೆ ಏನಾದರೂ ಮಾಡಬಹುದಾ?

ನನ್ನ ಪ್ರಕಾರ ಹೊಸತು ಮಾಡಲು ಜಾಸ್ತಿ ಜಾಗ ಇರುವುದು ಇಲ್ಲೇ. ಜಮ್ಮು-ಕಾಶ್ಮೀರದ ಶೀತಲ್ ದೇವಿಗೆ ಹುಟ್ಟಿನಿಂದ ತೋಳುಗಳಿಲ್ಲ. ಪಾದದಲ್ಲಿ ಬಿಲ್ಲು ಹಿಡಿದು, ಹೆಗಲಿಗೆ ಕಟ್ಟಿದ ಸಾಧನದಿಂದ ಹೆದೆ ಎಳೆದು ಬಿಡುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದರು. ಅಂಥ ಸಾಧನ ಒಬ್ಬರ ಮೈಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಬೆಲ್ಟು, ಬಕಲು, ಚರ್ಮದ ಕೆಲಸ ಚೆನ್ನಾಗಿ ಗೊತ್ತಿರುವ ಚಪ್ಪಲಿ ಅಂಗಡಿಯವರನ್ನು ಜೊತೆಗೆ ಕೂರಿಸಿಕೊಳ್ಳಿ. ಹೊಡೆಯುವವರನ್ನು ಮೊದಲ ದಿನದಿಂದಲೇ ಕರೆಯಿರಿ, ಮುಗಿದ ಮೇಲೆ ಅಲ್ಲ.

ಪೇಟೆಂಟ್ ಮಾಡಿಸ್ಲೇಬೇಕಾ? ಬೇರೆಯವರು ಕದ್ದರೆ?

ಎಲ್ಲದಕ್ಕೂ ಬೇಡ. ಆದರೆ ಮಾಡಿಸುವ ಮನಸ್ಸಿದ್ದರೆ ಅರ್ಜಿ ಹಾಕುವವರೆಗೆ ವಿಡಿಯೋ ಹಾಕಬೇಡಿ, ಮಾರಬೇಡಿ. ಒಮ್ಮೆ ಹೊರಗೆ ಬಂದದ್ದು ಹೊಸತು ಅನ್ನಿಸಿಕೊಳ್ಳುವುದಿಲ್ಲ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತವೆ, ಆನ್‌ಲೈನಿನಲ್ಲೇ ಹಾಕಬಹುದು. ಕೆಲಸ ಪೂರ್ತಿ ಮುಗಿಯದಿದ್ದರೆ ತಾತ್ಕಾಲಿಕ ವಿವರಣೆಯೊಂದಿಗೆ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ಸಿಕ್ಕರೆ ಅರ್ಜಿಯ ದಿನದಿಂದ 20 ವರ್ಷ, ಆದರೆ ಆಗಾಗ ನವೀಕರಣ ಶುಲ್ಕ ಕಟ್ಟಬೇಕು. ಕೆಲಸದ ರೀತಿ ಹಳೆಯದೇ, ಆಕಾರ ಮಾತ್ರ ಹೊಸದು ಅಂದರೆ ಪೇಟೆಂಟ್ ಅಲ್ಲ, 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಮಾಡಿಸಿ. ಅದು 10 ವರ್ಷ, ಇನ್ನೂ 5 ವರ್ಷ ಮುಂದುವರಿಸಬಹುದು.

ಅರ್ಜಿ ಬರೆಯಲು ಕೂರುವ ಮೊದಲು ಹಳೆಯ ಪೇಟೆಂಟ್‌ಗಳನ್ನು ಹುಡುಕಿ, ಚಿತ್ರಗಳನ್ನು ನೋಡಿದರೂ ಸಾಕು. ಶೆಡ್ಡಿಗೆ ಬರುವ ಹೊಸ ಐಡಿಯಾಗಳಲ್ಲಿ ಬಹಳಷ್ಟು 1970ರ ದಶಕದ ಅಮೆರಿಕದ ಕಾಗದಗಳಲ್ಲೇ ಸಿಗುತ್ತವೆ, ಅವಧಿ ಮುಗಿದಿರುವುದರಿಂದ ಅವನ್ನು ಯಾರು ಬೇಕಾದರೂ ಮಾಡಬಹುದು.